ಅವಳಿಗೆ ಓದಿ ಹೇಳಲು

ಫೆಬ್ರವರಿ 9

ಹಿರಿಯರಿಗೆ ನಮಸ್ಕಾರ.

ನಾನು ನಿಮ್ಮ ಮಗಳ ಸಂಶೋಧನೆಯ ಗೈಡ್. ಆಸ್ಪತ್ರೆಯ ಲಿಫ್ಟಿನ ಬಳಿ ಒಮ್ಮೆ ಎದುರಾಗಿದ್ದೆವು. ನೀವು ಮುಖ ತಿರುಗಿಸಿಕೊಂಡಿರಿ. ಹತ್ತಿರ ಬರುವ ಧೈರ್ಯ ನನಗೂ ಆಗಲಿಲ್ಲ. ಅವಳನ್ನು ನೀವು ಮನೆಗೆ ಕರೆದುಕೊಂಡು ಹೋದಿರೆಂದು ವಾರ್ಡಿನ ನರ್ಸ್ ಹೇಳಿದರು. ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಎತ್ತಿ ಎಂದು ಕೇಳುವ ಬಾಯಿಯೂ ನನಗಿಲ್ಲ.

ಲ್ಯಾಬಿನಲ್ಲಿ ಉಳಿದಿದ್ದ ಅವಳ ಸಾಮಾನುಗಳನ್ನು ಪಾರ್ಸೆಲ್ ಮಾಡಿದ್ದೇನೆ. ಬೂದು ಬಣ್ಣದ ಸ್ವೆಟರ್, ಚಪ್ಪಲಿ, ಬಾಚಣಿಗೆ, ಹಿಡಿ ಮುರಿದ ಒಂದು ಚಹಾ ಲೋಟ. ಲೋಟವನ್ನು ಬಿಸಾಡಲು ಅವಳು ಯಾರಿಗೂ ಬಿಡುತ್ತಿರಲಿಲ್ಲ. ಅದಕ್ಕೇ ನಾನೂ ಬಿಸಾಡಲಿಲ್ಲ.

ಅವಳು ಹೇಗಿದ್ದಾಳೆ? ಒಂದು ಸಾಲು ಬರೆದರೆ ಸಾಕು. ಬರೆಯದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ.

ಇಂತಿ,
ಅವಳ ಗೈಡ್


ಫೆಬ್ರವರಿ 21

ಮೇಡಂ ಅವರಿಗೆ,

ಪಾರ್ಸೆಲ್ ಬಂತು. ಸ್ವೆಟರನ್ನು ನನ್ನ ಹೆಂಡತಿ ಒಗೆಯದೆ ಹಾಗೇ ಬೀರುವಿನಲ್ಲಿಟ್ಟಳು.

ಹೇಗಿದ್ದಾಳೆ ಎಂದು ಕೇಳಿದ್ದೀರಿ. ಕಣ್ಣು ತೆರೆಯುತ್ತಾಳೆ, ನೋಡುವುದಿಲ್ಲ. ಊಟ ಮೂಗಿನ ನಳಿಗೆಯಲ್ಲಿ ಹೋಗುತ್ತದೆ. ಆಗಾಗ ಮಗ್ಗುಲು ಬದಲಿಸುತ್ತಿರಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಮಿದುಳಿಗೆ ಗಾಳಿ ಸಿಗದೆ ಏಟು ಬಿದ್ದಿದೆ, ತಿರುಗಿ ಮೊದಲಿನಂತಾಗುವುದು ಕಷ್ಟ ಎಂದರು ಡಾಕ್ಟರು. ಕಷ್ಟ ಎಂದರೆ ಎಷ್ಟು ಕಷ್ಟ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಫೋನಿನಲ್ಲಿ ನಿಮ್ಮ ದನಿ ಕೇಳಲು ನನಗೆ ಇಷ್ಟವಿಲ್ಲ, ನೇರವಾಗಿಯೇ ಹೇಳುತ್ತಿದ್ದೇನೆ. ಆದರೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಅವಳ ಕೈಕಾಲು ಆಡಿಸಲು ಬರುವ ಫಿಸಿಯೋ ಹುಡುಗಿ ಹೇಳಿದಳು: "ಅವ್ರಿಗೆ ಗೊತ್ತಿರೋ ವಿಷಯ ಮಾತಾಡ್ತಾ ಇರಿ ಅಂಕಲ್. ಕೇಳ್ಸುತ್ತೋ ಇಲ್ವೋ ಯಾರಿಗ್ಗೊತ್ತು." ನಾನು ಡ್ರೈವಿಂಗ್ ಸ್ಕೂಲ್ ನಡೆಸುವವನು. ನನಗೆ ಗೊತ್ತಿರುವುದು ಕ್ಲಚ್ಚು, ಗೇರು, ಬ್ರೇಕು. ಅದನ್ನು ಅವಳು ಹದಿನೆಂಟು ತುಂಬಿದ ವಾರವೇ ಕಲಿತು, ಆಮೇಲೆ ನಾನು ಗಾಡಿ ಓಡಿಸುವಾಗ ನನಗೇ ತಪ್ಪು ಹೇಳುತ್ತಿದ್ದಳು. ಅವಳು ಅಲ್ಲಿ ಏನು ಮಾಡುತ್ತಿದ್ದಳು ಎಂದು ಕೇಳಿದಾಗಲೆಲ್ಲ, "ಕಾಯೋದಪ್ಪ, ಅಷ್ಟೇ ನನ್ ಕೆಲಸ," ಎಂದು ನಗುತ್ತಿದ್ದಳು. ಕಾಯುವುದಕ್ಕೂ ಕಾಲೇಜು ಬೇಕೆ ಎಂದು ನಾನೂ ನಗುತ್ತಿದ್ದೆ.

ಅದು ಏನೆಂದು ನನ್ನಂಥವನಿಗೆ ತಿಳಿಯುವ ಹಾಗೆ ಬರೆಯಿರಿ. ಓದಿ ಹೇಳುತ್ತೇನೆ.

ಅವಳ ಅಪ್ಪ


ಮಾರ್ಚ್ 3

ಹಿರಿಯರಿಗೆ ನಮಸ್ಕಾರ.

ನಾಲ್ಕು ಸಲ ಬರೆದು ಹರಿದೆ. ನಮ್ಮ ಭಾಷೆ ಎಷ್ಟು ಒಣಗಿದೆ ಎಂದು ಈಗ ಗೊತ್ತಾಗುತ್ತಿದೆ. ಇನ್ನು ಮುಂದಿನದನ್ನು ಅವಳಿಗೇ ಹೇಳುವ ಹಾಗೆ ಬರೆಯುತ್ತೇನೆ, ನೀವು ಓದಿ.

ದೊಡ್ಡಮ್ಮ, (ಇಲ್ಲಿ ಅವಳನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದೆವು, ನಾನೂ. ಸ್ಪ್ಯಾನರು ಸ್ವಸ್ಥಾನದಲ್ಲಿಲ್ಲದಿದ್ದರೆ ಅಷ್ಟು ಬೈಯುತ್ತಿದ್ದಳು.) ನಿನ್ನ ಅಪ್ಪನಿಗೆ ನಿನ್ನ ಕೆಲಸ ಹೇಳುತ್ತಿದ್ದೇನೆ, ತಪ್ಪಿದರೆ ಬೈಯಬೇಡ. ನಕ್ಷತ್ರ ನಕ್ಷತ್ರಗಳ ನಡುವೆ ದೊಡ್ಡ ದೊಡ್ಡ ಮೋಡಗಳಿವೆ. ನೀರಿನ ಮೋಡವಲ್ಲ, ಅನಿಲ ಮತ್ತು ದೂಳಿನವು. ಅಲ್ಲಿ ವಿಪರೀತ ಚಳಿ, ವಿಪರೀತ ಖಾಲಿ. ಅಷ್ಟು ಖಾಲಿಯಲ್ಲೂ ಅಣುಗಳು ಒಂದನ್ನೊಂದು ಸಂಧಿಸಿ ಹೊಸ ಅಣುಗಳಾಗುತ್ತವೆ. ಅವುಗಳಲ್ಲಿ ಕೆಲವು ವಿದ್ಯುತ್ತಿನ ಅಂಶವನ್ನು ಹೊತ್ತಿರುತ್ತವೆ; ಅವು ಅಯಾನುಗಳು. ಅಯಾನು ಒಂದು ಅಣುವಿಗೆ ತಾಗಿದರೆ ಸಾಮಾನ್ಯವಾಗಿ ಮೊದಲ ಸಲಕ್ಕೇ ಬದಲಾಗಿಬಿಡುತ್ತದೆ. ಆದರೆ ಕೆಲವು ಜೋಡಿಗಳಿವೆ, ಸಾವಿರ ಸಲ ತಾಗಿದರೂ, ಲಕ್ಷ ಸಲ ತಾಗಿದರೂ ಏನೂ ಆಗುವುದಿಲ್ಲ. ಯಾವಾಗಲೋ ಒಮ್ಮೆ ಆಗುತ್ತದೆ. ಆ 'ಯಾವಾಗಲೋ ಒಮ್ಮೆ' ಎಷ್ಟು ಎಂದು ಅಳೆಯುವುದೇ ನಿನ್ನ ಕೆಲಸ.

ಅದಕ್ಕೆ ನಾವು ಒಂದು ಬೋನು ಕಟ್ಟಿದೆವು. ಇಲಿಯ ಬೋನಿನಷ್ಟೇ ದೊಡ್ಡದು. ಅದರೊಳಗೆ ಅಯಾನುಗಳನ್ನು ಗೋಡೆಗೆ ತಾಗದ ಹಾಗೆ ವಿದ್ಯುತ್ತಿನಿಂದ ತೇಲಿಸಿ ಹಿಡಿದು, ತಣ್ಣಗೆ ಮಾಡಿ, ಸ್ವಲ್ಪ ಹೈಡ್ರೋಜನ್ ಬಿಟ್ಟು, ಕಾಯುತ್ತಿದ್ದೆವು. ಆಮೇಲೆ ಬಾಗಿಲು ತೆಗೆದು ಎಷ್ಟು ಬದಲಾದವು ಎಂದು ಎಣಿಸುವುದು. ಪುನಃ ತುಂಬುವುದು, ಪುನಃ ಕಾಯುವುದು. ಎರಡು ವರ್ಷ ಹೀಗೆಯೇ. ಬೋನನ್ನು ತಣ್ಣಗಿಡುವ ಹೀಲಿಯಂ ಯಂತ್ರ ಹಗಲಿಡೀ ದಡ್ ದಡ್ ಎನ್ನುತ್ತಿತ್ತು. ಅದರ ತಾಳಕ್ಕೆ ನೀನು ಕಾಲು ಕುಣಿಸುತ್ತಿದ್ದೆ.

ಇಷ್ಟು ಸಾಕೇ ಹೇಳಿ. ಇನ್ನೂ ಬರೆಯಬಲ್ಲೆ.

ಇಂತಿ,
ಅವಳ ಗೈಡ್


ಮಾರ್ಚ್ 16

ಮೇಡಂ ಅವರಿಗೆ,

ಓದಿ ಹೇಳಿದೆ. ದಿನಾ ಹೇಳುತ್ತಿದ್ದೇನೆ. ದೊಡ್ಡಮ್ಮ ಎಂಬಲ್ಲಿಗೆ ಬಂದಾಗ ಆ ಸಾಲನ್ನು ಎರಡು ಸಲ ಓದುತ್ತೇನೆ. ನಮ್ಮ ಮನೆಯಲ್ಲಿ ಅವಳು ಮರಿ. ಇಲ್ಲಿ ಮರಿಯಾಗಿದ್ದವಳು ಅಲ್ಲಿ ಹೋಗಿ ದೊಡ್ಡಮ್ಮನಾಗಿದ್ದು ನಮಗೆ ಗೊತ್ತೇ ಇರಲಿಲ್ಲ.

ಅವಳ ಅಮ್ಮ ಮಾತ್ರ ನಾನು ಕಾಗದ ಬಿಚ್ಚಿದ ಕೂಡಲೇ ಎದ್ದು ಹೋಗಿ ಅಡುಗೆಮನೆಯ ನಲ್ಲಿ ತಿರುಗಿಸುತ್ತಾಳೆ. ಪಾತ್ರೆ ಇರಲಿ, ಬಿಡಲಿ, ನಾನು ಮುಗಿಸುವವರೆಗೂ ನೀರು ಬೀಳುತ್ತಲೇ ಇರುತ್ತದೆ. ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ವೇಳೆ ಹೇಳುವವಳು. ಇಪ್ಪತ್ತೈದು ವರ್ಷ ಊರಿಗೆಲ್ಲ ಕೇಳುವ ಹಾಗೆ ಮಾತಾಡಿದವಳು. ಈಗ ರಜೆ ಹಾಕಿ ಮನೆಯಲ್ಲಿದ್ದಾಳೆ, ಬಾಯಿಗೆ ಬೀಗ.

ಮೊನ್ನೆ ನಿಮ್ಮ ಸಂಸ್ಥೆಯಿಂದ ವಿಚಾರಣೆಗೆಂದು ಮೂವರು ಬಂದಿದ್ದರು. ಶೂ ಬಿಚ್ಚಲಿಲ್ಲ. ಮಗಳಿಗೆ ಮನಸ್ಸಿನ ತೊಂದರೆ ಏನಾದರೂ ಇತ್ತೇ, ಯಾರೊಂದಿಗಾದರೂ ಪ್ರೀತಿಗೀತಿ ಇತ್ತೇ ಎಂದು ಕೇಳಿದರು. ಕೋಣೆಗೆ ಒಬ್ಬಳೇ ಯಾಕೆ ಹೋದಳು ಎಂದು ನನ್ನನ್ನೇ ಕೇಳಿದರು. ಬಾಗಿಲಲ್ಲಿ ನಿಂತು ಅವಳನ್ನು ಒಮ್ಮೆ ನೋಡಿದರು, ಅಷ್ಟೆ. ಒಳಗೆ ಬರಲಿಲ್ಲ.

ಅವತ್ತು ಏನಾಯಿತು ಎಂದು ನೀವೇ ಬರೆಯಿರಿ. ಅದು ಓದಿ ಹೇಳುವುದಕ್ಕಲ್ಲ, ನನಗೆ. ಏನನ್ನೂ ಬಿಡಬೇಡಿ. ಎಲ್ಲ ತಿಳಿದುಕೊಂಡರೆ ಹೊಟ್ಟೆಯ ಉರಿ ಸ್ವಲ್ಪ ಇಳಿದೀತು ಎನಿಸುತ್ತದೆ.

ಅವಳ ಅಪ್ಪ


ಮಾರ್ಚ್ 28

ಹಿರಿಯರಿಗೆ,

ಬರೆಯುತ್ತೇನೆ.

ಆ ಕೋಣೆ ನೆಲಮಾಳಿಗೆಯಲ್ಲಿದೆ. ಕಿಟಕಿಯಿಲ್ಲ. ಹೈಡ್ರೋಜನ್ ಬರುವ ನಳಿಗೆಯಲ್ಲಿ ನೀರಿನ ತೇವ ಇರಬಹುದೆಂದು ಅವಳಿಗೆ ಕೆಲವು ದಿನಗಳಿಂದ ಅನುಮಾನವಿತ್ತು. ತೇವವನ್ನು ಹೆಪ್ಪುಗಟ್ಟಿಸಿ ಹಿಡಿಯಲು ನಳಿಗೆಯ ಸುತ್ತ ದ್ರವ ನೈಟ್ರೋಜನ್ ತುಂಬಿದ ಫ್ಲಾಸ್ಕ್ ಕೂರಿಸುವುದು ಅವಳ ಯೋಚನೆ. ದ್ರವ ನೈಟ್ರೋಜನ್ ಕುದಿದು ಕೋಣೆಯಲ್ಲಿ ಹರಡಿದರೆ ಉಸಿರಾಡುವ ಗಾಳಿಯನ್ನು ಹೊರಗೆ ತಳ್ಳುತ್ತದೆ. ಅದಕ್ಕೆಂದೇ ಗೋಡೆಯಲ್ಲಿ ದೊಡ್ಡ ಫ್ಯಾನ್ ಇತ್ತು. ಅದು ಸುಟ್ಟುಹೋಗಿ ತಿಂಗಳುಗಳಾಗಿದ್ದವು. ಆಫೀಸಿಗೆ ನಾನು ಹೇಳಿದ್ದೆ, ಬರೆದೂ ಕೊಟ್ಟಿದ್ದೆ. ಮೇಲಿನವರ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಗಾಳಿ ಕಡಿಮೆಯಾದರೆ ಕೂಗುವ ಒಂದು ಸಾಧನವೂ ಬರಬೇಕಿತ್ತು, ಬಂದಿರಲಿಲ್ಲ.

ಆ ಕೋಣೆಗೆ ಇಬ್ಬರು ಕೂಡಿಯೇ ಹೋಗಬೇಕೆಂಬ ನಿಯಮ ಇರುವುದು ನಿಜ. ಲ್ಯಾಬಿನಲ್ಲಿ ಇನ್ನೊಬ್ಬನಿದ್ದ. ಅವನು ಬಿಟ್ಟುಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ಕೊಡಲಿಲ್ಲ. ಉಳಿದವರು ನಾವಿಬ್ಬರೇ. ಅವತ್ತು ನನ್ನನ್ನು ಮೇಲಿನ ಮಹಡಿಗೆ ಸಭೆಗೆ ಕರೆದರು. ಕಟ್ಟಡಕ್ಕೆ ಯಾವ ಬಣ್ಣ ಬಳಿಯಬೇಕು ಎಂಬ ಸಭೆ. "ನೀವು ಹೋಗ್ಬನ್ನಿ ಮೇಡಂ, ನಾನು ಬರೀ ನಟ್ಟು ಬಿಗಿ ಮಾಡ್ತಿರ್ತೀನಿ," ಎಂದಳು. ನೈಟ್ರೋಜನ್ ತುಂಬಲೂ ಒಬ್ಬಳೇ ಹೊರಟಿದ್ದಳೆಂದು ಕಾಣುತ್ತದೆ; ಸಭೆ ಮುಗಿಸಿ ಬಂದಾಗ ಅವಳು ಬಿದ್ದಿದ್ದಳು. ಹೊರಗೆ ಎಳೆದು ತಂದವಳು ನಾನು.

ಒಂದು ಮಾತು. ಉಸಿರುಗಟ್ಟಿ ಒದ್ದಾಡಿದಳೆಂದು ನೀವು ನೆನೆಸಿಕೊಳ್ಳುತ್ತಿದ್ದರೆ, ಹಾಗಲ್ಲ. ನೈಟ್ರೋಜನ್ ಒಳಗೆ ಹೋದರೆ ಉಸಿರು ಕಟ್ಟಿದಂತೆ ಅನಿಸುವುದೇ ಇಲ್ಲ. ತಲೆ ಹಗುರಾಗುತ್ತದೆ, ಕಾಲು ಸೋಲುತ್ತದೆ. ಅವಳಿಗೆ ತಿಳಿದೇ ಇರಲಾರದು.

ಈಗ ಹೊಸ ಫ್ಯಾನ್ ಹಾಕಿದ್ದಾರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ವಿಚಾರಣೆಯ ವರದಿಯೂ ಸಿದ್ಧವಾಗಿದೆ. 'ನಿಯಮ ಮೀರಿ ವಿದ್ಯಾರ್ಥಿನಿ ಒಬ್ಬಳೇ ಪ್ರವೇಶಿಸಿದ್ದೇ ಅವಘಡಕ್ಕೆ ಕಾರಣ' ಎಂದು ಅದರಲ್ಲಿದೆ. ಫ್ಯಾನಿನ ಸುದ್ದಿಯಿಲ್ಲ. ನಾನು ಸಹಿ ಹಾಕಬೇಕಂತೆ. ಹಾಕಿದರೆ ಲ್ಯಾಬ್ ನಡೆಯುತ್ತದೆ, ಅವಳ ಕೆಲಸವನ್ನು ಮುಗಿಸಬಹುದು. ಹಾಕದಿದ್ದರೆ ಬಾಗಿಲು ಮುಚ್ಚುತ್ತಾರೆ. ಮೇಲಿನವರು ನಯವಾಗಿಯೇ ಹೇಳಿದರು: "ಆ ಹುಡುಗಿಗೆ ಇನ್ನು ಏನು ಬರೆದ್ರೂ ಒಂದೇ. ನಿಮ್ ಕೆಲಸ ಉಳಿಸ್ಕೊಳ್ಳಿ."

ನೀವು ಹೇಳಿದಂತೆ ಮಾಡುತ್ತೇನೆ.

ಇಂತಿ,
ಅವಳ ಗೈಡ್


ಏಪ್ರಿಲ್ 9

ಮೇಡಂ ಅವರಿಗೆ,

ಸಹಿ ಹಾಕಿಬಿಡಿ.

ಓದಿ ನಿಮಗೆ ಆಶ್ಚರ್ಯವಾಗಬಹುದು. ಮೊದಲು ನನಗೂ ರಕ್ತ ಕುದಿಯಿತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ ಇದು. ಆದರೆ ರಸ್ತೆಯಲ್ಲಿ ನಾನು ನೋಡಿದ್ದೇನೆ, ಅಪಘಾತವಾದ ಮೇಲೆ ತಪ್ಪು ಯಾರದೆಂದು ಜಗಳವಾಡುತ್ತ ನಿಂತವರ ಗಾಡಿ ಅಲ್ಲೇ ನಿಂತಿರುತ್ತದೆ. ಎರಡು ವರ್ಷ ಅವಳು ಆ ಬೋನಿನ ಮುಂದೆ ಕೂತಳು. ಅದಕ್ಕೆ ಬೀಗ ಬಿದ್ದರೆ ಇವಳು ಹೀಗೆ ಮಲಗಿದ್ದು ಯಾತಕ್ಕೆ? ಲೆಕ್ಕ ಮುಗಿಯಲಿ. ಉತ್ತರ ಬರಲಿ. ಬಂದದ್ದನ್ನು ನಾನು ಅವಳ ಕಿವಿಯಲ್ಲಿ ಹೇಳಬೇಕು.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ನಿಮ್ಮ ಕಾಗದ ಮೇಜಿನ ಮೇಲಿದ್ದುದನ್ನು ಅವಳ ಅಮ್ಮ ಓದಿದಳು. ಆಮೇಲೆ ನಮಗೆ ಜಗಳವಾಯಿತು. ಮದುವೆಯಾದಾಗಿನಿಂದ ಆಗದಂಥ ಜಗಳ. ನಾನು ಹೇಳಿದ್ದನ್ನೇ ಹೇಳಿದೆ. ಅವಳು ಮಗಳ ತಲೆದಿಂಬು ಸರಿಮಾಡುತ್ತಿದ್ದವಳು, ನನ್ನ ಕಡೆ ತಿರುಗದೆಯೇ ಅಂದಳು:

"ಸತ್ತೋರ ಮೇಲೆ ತಪ್ಪು ಹಾಕ್ತಾರೆ, ಬಾಯಿಲ್ಲ ಅಂತ. ನನ್ ಮಗಳು ಇನ್ನೂ ಉಸಿರಾಡ್ತಿದಾಳೆ."

ಅಷ್ಟೇ. ಅವತ್ತಿನಿಂದ ನನ್ನೊಂದಿಗೂ ಮಾತಿಲ್ಲ.

ನಾನು ಹೇಳುವುದು ಸಹಿ ಹಾಕಿ ಎಂದೇ. ಅವಳು ಹೇಳಿದ್ದನ್ನು ಮುಚ್ಚಿಟ್ಟರೆ ಸರಿಯಲ್ಲವೆಂದು ಬರೆದೆ.

ಅವಳ ಅಪ್ಪ


ಮೇ 4

ಹಿರಿಯರಿಗೆ, ಅಮ್ಮನವರಿಗೂ,

ಸಹಿ ಹಾಕಲಿಲ್ಲ. ಪೆನ್ನು ಕೈಯಲ್ಲೇ ಇತ್ತು. ಅಮ್ಮನವರ ಮಾತು ಓದಿದ ಮೇಲೆ ಆಗಲಿಲ್ಲ. ಫ್ಯಾನಿನ ವಿಷಯ ಸೇರಿಸಿದರೆ ಹಾಕುತ್ತೇನೆ ಎಂದೆ. ನನ್ನ ಸಹಿ ಇಲ್ಲದೆಯೇ ವರದಿ ಹೊರಬಿತ್ತು. ಆ ಸಾಲು ಹಾಗೇ ಇದೆ. ಹಾಗಾಗಿ ನಾನು ಮಾಡಿದ್ದರಿಂದ ನಿಮಗಾದ ಉಪಕಾರ ಏನೂ ಇಲ್ಲ. ಜೂನ್ ಕೊನೆಗೆ ಲ್ಯಾಬ್ ಖಾಲಿ ಮಾಡಬೇಕಂತೆ. ಬೋನನ್ನು ಬಿಚ್ಚಿ ಗೋದಾಮಿಗೆ ಹಾಕುತ್ತಾರೆ.

ಉಳಿದ ದಿನಗಳಲ್ಲಿ ಆದಷ್ಟು ಮಾಡೋಣವೆಂದು ಒಬ್ಬಳೇ ಕೂತಿದ್ದೇನೆ. ಅವಳು ಕೂರಿಸಲು ಹೊರಟಿದ್ದ ಫ್ಲಾಸ್ಕನ್ನು ನಾನು ಕೂರಿಸಿದೆ. ನಳಿಗೆಯ ತೇವ ಹೆಪ್ಪುಗಟ್ಟಿತು. ಶುದ್ಧ ಹೈಡ್ರೋಜನ್ ಬಿಟ್ಟು ಕಾದು ಎಣಿಸಿದೆ.

ಇದನ್ನು ಹೇಗೆ ಬರೆಯಲಿ? ಎರಡು ವರ್ಷ ನಾವು ನೋಡಿದ ಬದಲಾವಣೆ ಈಗ ಕಾಣುತ್ತಿಲ್ಲ. ಅಯಾನುಗಳು ಹೇಗೆ ಹಾಕಿದೆವೋ ಹಾಗೆಯೇ ಹೊರಗೆ ಬರುತ್ತಿವೆ. ನಾವು ಅಳೆದದ್ದು ಹೈಡ್ರೋಜನ್ನಿನ ಕೆಲಸವನ್ನಲ್ಲ, ತೇವದ ಕೆಲಸವನ್ನು. ನೀರಿನ ಒಂದು ಅಣು ತಾಗಿದರೂ ಸಾಕು, ಆ ಅಯಾನು ಮೊದಲ ಸಲಕ್ಕೇ ಬದಲಾಗುತ್ತದೆ. ಬದಲಾಗಿ ಹೊರಬರುವ ವಸ್ತುವೂ ಅದೇ. ಎರಡನ್ನೂ ಬೇರೆ ಮಾಡಿ ಹೇಳಲು ಬರುವುದಿಲ್ಲ. ಹೀಗಾಗಿ ಎರಡು ವರ್ಷದ ಅಂಕಿಗಳು ಅಷ್ಟೂ ನೀರುಪಾಲು. ಈ ಮಾತನ್ನು ಬರೆದ ಮೇಲೆ ನನಗೇ ನಗು ಬಂತು, ಹಾಳು ನಗು.

ಅವಳ ಅನುಮಾನ ಸರಿಯಾಗಿತ್ತು. ನಾನು ಆಗ ಅವಳಿಗೆ, ಅಷ್ಟು ತೇವ ಎಲ್ಲಿಂದ ಬರಬೇಕು, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಎಂದಿದ್ದೆ.

ಇಂತಿ,
ಅವಳ ಗೈಡ್


ಮೇ 20

ಮೇಡಂ ಅವರಿಗೆ,

ನಿಮ್ಮ ಈ ಸಲದ ಕಾಗದವನ್ನು ಅವಳಿಗೆ ಓದಿ ಹೇಳಲಿಲ್ಲ. ಹೇಗೆ ಹೇಳಲಿ? ಕಾಗದ ಕೈಯಲ್ಲಿ ಹಿಡಿದುಕೊಂಡು, ಓದುವವನ ಹಾಗೆ ಕಣ್ಣಾಡಿಸುತ್ತ, ಬೇರೆ ಹೇಳಿದೆ. ಮರಿ, ನಿನ್ನ ಲೆಕ್ಕ ಸರಿಹೋಯಿತಂತೆ, ದೊಡ್ಡವರೆಲ್ಲ ಭೇಷ್ ಎಂದರಂತೆ, ನಿನ್ನ ಮೇಡಂ ಬರೆದಿದ್ದಾರೆ ಎಂದೆ. ಸುಳ್ಳು ಹೇಳಿ ನನಗೆ ಅಭ್ಯಾಸವಿದೆ. ಗಾಡಿಯನ್ನು ಚರಂಡಿಗೆ ಇಳಿಸಿದವರಿಗೂ ಪರವಾಗಿಲ್ಲ, ಕೈ ಚೆನ್ನಾಗಿ ಕುದುರಿದೆ ಎಂದು ಹೇಳುವವನು ನಾನು. ಆದರೆ ಆ ಸುಳ್ಳು ಕೇಳಿದವರು ನಗುತ್ತಾರೆ, ಮರುದಿನ ಕಲಿಯಲು ಬರುತ್ತಾರೆ. ಇವಳು ಸೂರು ನೋಡುತ್ತ ಮಲಗಿದ್ದಳು.

ಅವಳ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನಲ್ಲಿಯ ಸದ್ದು ಇರಲಿಲ್ಲವೆಂದು ಆಮೇಲೆ ನೆನಪಾಯಿತು. ನಾನು ಕಾಗದ ಮಡಿಸಿದಾಗ ಅವಳು ಬಂದು ನನ್ನ ಕೈಯಿಂದ ತೆಗೆದುಕೊಂಡು ಹೋದಳು.

ಮಗಳಿಗೆ ಕೆಮ್ಮು ಶುರುವಾಗಿದೆ. ಕೆಮ್ಮುವ ಶಕ್ತಿ ಅವಳಿಗಿಲ್ಲ, ಕಫ ಎದೆಯಲ್ಲೇ ಗೊರಗೊರ ಎನ್ನುತ್ತದೆ. ನಳಿಗೆ ಹಾಕಿ ಎಳೆಯುವುದನ್ನು ನರ್ಸ್ ನಮಗೆ ಕಲಿಸಿಕೊಟ್ಟಿದ್ದಾಳೆ. ಮಗಳಿಗೆ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದ ಕೈ ಈಗ ಈ ಕೆಲಸ ಕಲಿಯುತ್ತಿದೆ.

ನಿಮ್ಮ ಮೇಲೆ ನನಗಿದ್ದ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅದು ಇದ್ದಾಗಲೇ ಚೆನ್ನಾಗಿತ್ತು. ಹಿಡಿದುಕೊಳ್ಳಲು ಏನೋ ಒಂದು ಇತ್ತು.

ಅವಳ ಅಪ್ಪ


ಜೂನ್ 30

ಹಿರಿಯರಿಗೆ, ಅಮ್ಮನವರಿಗೆ,

ಇವತ್ತು ಬೋನು ಬಿಚ್ಚಿದರು. ಯಂತ್ರ ನಿಲ್ಲಿಸಿದಾಗ ಆ ದಡ್ ದಡ್ ಸದ್ದು ನಿಂತು, ಕೋಣೆ ಕಿವುಡಾದ ಹಾಗೆ ಆಯಿತು. ಕೂಲಿಯವರಲ್ಲೊಬ್ಬ "ಇದ್ರಲ್ಲಿ ಏನ್ ಹಿಡೀತಿದ್ರಿ ಅಮ್ಮಾ?" ಎಂದು ಕೇಳಿದ.

ಕೊನೆಯ ಫಲಿತಾಂಶ ಬರೆಯುತ್ತೇನೆ, ಇದನ್ನಾದರೂ ಅವಳಿಗೆ ಇದ್ದದ್ದು ಇದ್ದಂತೆ ಓದಿ ಹೇಳಿ ಎಂದು ಬೇಡಿಕೊಳ್ಳುತ್ತೇನೆ. ದೊಡ್ಡಮ್ಮ, ನಮಗೆ ಸಂಖ್ಯೆ ಸಿಗಲಿಲ್ಲ. ನಾವು ಕಾಯಬಲ್ಲಷ್ಟು ಕಾದರೂ ಅವು ಬದಲಾಗಲಿಲ್ಲ. ಹೇಳಲು ಸಾಧ್ಯವಾಗುವುದು ಇಷ್ಟೆ: ಆ ಕ್ರಿಯೆ ನಡೆಯುವುದಾದರೆ, ಇಂತಿಷ್ಟಕ್ಕಿಂತ ನಿಧಾನವಾಗಿ ನಡೆಯುತ್ತದೆ. ಎಷ್ಟು ನಿಧಾನ ಎಂದು ಹೇಳಲಾಗದು. ನಡೆಯುವುದೇ ಇಲ್ಲ ಎಂದೂ ಹೇಳಲಾಗದು. ಇನ್ನೊಂದು ವರ್ಷ ಇದ್ದಿದ್ದರೆ, ಬೋನನ್ನು ಇನ್ನಷ್ಟು ಶುದ್ಧಮಾಡಿ, ಇನ್ನಷ್ಟು ಕಾದು ನೋಡಬಹುದಿತ್ತು. ಮೂರು ಪುಟದ ಲೇಖನ ಮಾಡಿ ಪತ್ರಿಕೆಗೆ ಕಳಿಸಿದ್ದೇನೆ. ಮೊದಲ ಹೆಸರು ನಿನ್ನದು. ಹಳೆಯ ಅಂಕಿಗಳು ತಪ್ಪು ಎಂದು ಮೊದಲು ಕಂಡವಳು ನೀನೆಂದು ಅದರಲ್ಲಿ ಬರೆದಿದ್ದೇನೆ. ಅದನ್ನು ಓದುವವರು ಲೋಕದಲ್ಲಿ ಹತ್ತಿಪ್ಪತ್ತು ಜನ ಇರಬಹುದು.

ನನ್ನನ್ನು ಮೊದಲ ವರ್ಷದವರಿಗೆ ಪಾಠ ಹೇಳಲು ಹಾಕಿದ್ದಾರೆ.

ಇಂತಿ,
ನಿನ್ನ ಗೈಡ್


ಜುಲೈ 23

ಮೇಡಂ ಅವರಿಗೆ,

ನಮ್ಮ ಮರಿ ಹೋದಳು. ಈ ತಿಂಗಳ ಹನ್ನೊಂದಕ್ಕೆ, ಬೆಳಿಗ್ಗೆ. ನಿಮಗೆ ಆಗಲೇ ತಿಳಿಸಬೇಕಿತ್ತು. ಕೈ ಏಳಲಿಲ್ಲ.

ಕಫ ಎದೆಗಿಳಿದು ಜ್ವರ ಬಂತು. ಆಸ್ಪತ್ರೆಗೆ ಸೇರಿಸಿ ಉಸಿರಾಟದ ಮಿಷನ್ ಹಾಕಿಸೋಣವೇ ಎಂದು ಡಾಕ್ಟರು ಕೇಳಿದರು. ನಾನು ಹೂಂ ಎನ್ನಬೇಕೆಂದಿದ್ದೆ. ಅವಳ ಅಮ್ಮ ಬೇಡವೆಂದಳು. ಒಂದೇ ಮಾತು. ನಾನೂ ಒಪ್ಪಿಕೊಂಡೆ.

ನಿಮ್ಮ ಜೂನಿನ ಕಾಗದ ಅದಕ್ಕೆ ಸ್ವಲ್ಪ ಮೊದಲು ಬಂದಿತ್ತು. ನಾನು ಕನ್ನಡಕ ಹುಡುಕುತ್ತಿದ್ದೆ. ಇನ್ನೇನು ಸುಳ್ಳು ಕಟ್ಟಲಿ ಎಂದು ಯೋಚಿಸಿಕೊಂಡು ನಿಧಾನವಾಗಿ ಹುಡುಕುತ್ತಿದ್ದೆ ಎನ್ನಿ. ಅಷ್ಟರಲ್ಲಿ ಒಳಗಿನಿಂದ ದನಿ ಕೇಳಿತು. ಅವಳ ಅಮ್ಮ ಓದುತ್ತಿದ್ದಳು. ಮಂಚದ ತುದಿಯಲ್ಲಿ ನೆಟ್ಟಗೆ ಕೂತು, ಒಂದಕ್ಷರ ಬಿಡದೆ, ಒಂದಕ್ಷರ ನುಂಗದೆ, ನಿಲ್ದಾಣದ ಕೊನೆಯ ಬೆಂಚಿಗೂ ಕೇಳಬೇಕೆಂಬ ಹಾಗೆ. 'ನಮಗೆ ಸಂಖ್ಯೆ ಸಿಗಲಿಲ್ಲ' ಎಂಬಲ್ಲೂ ದನಿ ನಡುಗಲಿಲ್ಲ. ಮುಗಿಸಿ, ಕಾಗದ ಮಡಿಸಿ, "ಕೇಳ್ತಾ ಮರಿ? ತಪ್ಪು ಅಂತ ನೀನೇ ಮೊದ್ಲು ಕಂಡಿದ್ದಂತೆ," ಎಂದಳು.

ಮರಿ ಕೇಳಿಸಿಕೊಂಡಳು, ಕಣ್ಣಲ್ಲಿ ನೀರು ಬಂತು, ಬೆರಳು ಆಡಿತು ಎಂದೆಲ್ಲ ಬರೆಯಲು ಆಸೆ. ಏನೂ ಆಗಲಿಲ್ಲ.

ಈಗ ಮನೆಯಲ್ಲಿ ಓದಿ ಹೇಳಲು ಯಾರೂ ಇಲ್ಲ. ನೀವಿನ್ನು ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಅವಳ ಅಪ್ಪ


ಸೆಪ್ಟೆಂಬರ್ 5

ಮೇಡಂ,

ನಾನು ಅವಳ ತಾಯಿ. ನಿಮ್ಮ ಕಾಗದಗಳನ್ನೆಲ್ಲ ಓದಿದ್ದೇನೆ. ನಲ್ಲಿ ತಿರುಗಿಸಿದರೆ ಕಿವಿ ಮುಚ್ಚುವುದಿಲ್ಲ.

ಇವರು ಕೇಳಿದ್ದಕ್ಕೆಲ್ಲ ನೀವು ಉತ್ತರ ಬರೆದಿರಿ. ಫ್ಯಾನು ಬರೆದಿರಿ, ಫ್ಲಾಸ್ಕು ಬರೆದಿರಿ, ಅವಳಿಗೆ ನೋವಾಗಲಿಲ್ಲ ಎಂದೂ ಬರೆದಿರಿ. ಒಂದನ್ನು ಬರೆಯಲಿಲ್ಲ. ಇವರು ಕೇಳಲಿಲ್ಲ, ನೀವು ಹೇಳಲಿಲ್ಲ. ಇವರು ಬೇಕೆಂದೇ ಕೇಳಲಿಲ್ಲವೇನೋ.

ನನ್ನ ಮಗಳು ಆ ಕೋಣೆಯಲ್ಲಿ ಎಷ್ಟು ಹೊತ್ತು ಬಿದ್ದಿದ್ದಳು? ಬೇಗ ಯಾರಾದರೂ ಬಾಗಿಲು ತೆಗೆದಿದ್ದರೆ ಅವಳು ಎದ್ದು ಕೂರುತ್ತಿದ್ದಳೇ?

ನಿಮಗೆ ಗೊತ್ತಿದೆ ಎಂದು ನನಗೆ ಗೊತ್ತು.

ಅವಳ ಅಮ್ಮ


ಸೆಪ್ಟೆಂಬರ್ 11

ಅಮ್ಮನವರಿಗೆ,

ಗೊತ್ತಿದೆ. ಕಾಗದದಲ್ಲಿ ಬರೆಯಲಾರೆ. ಈ ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನೀವು ಬಾಗಿಲು ತೆಗೆಯದಿದ್ದರೆ ಸ್ವಲ್ಪ ಹೊತ್ತು ನಿಂತು ವಾಪಸಾಗುತ್ತೇನೆ.

ಅವಳ ಗೈಡ್


ಸೆಪ್ಟೆಂಬರ್ 26

ಮೇಡಂ ಅವರಿಗೆ,

ನೀವು ಬಂದು ಹೋದ ಮೇಲೆ ಬರೆಯಬೇಕೆನಿಸಿತು. ಅವತ್ತು ನಾನು ನಿಮ್ಮೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಬಾಗಿಲು ತೆಗೆದವಳು ನನ್ನ ಹೆಂಡತಿ, ನಿಮ್ಮನ್ನು ಮಗಳ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡವಳೂ ಅವಳೇ. ನಾನು ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದೆ. ಹಿಂದಿನ ದಿನವೇ ತೊಳೆದ ಗಾಡಿ. ಒಳಗಿನಿಂದ ಅಳು ಕೇಳುತ್ತದೇನೋ ಎಂದು ಕಿವಿ ಕೊಟ್ಟಿದ್ದೆ, ಕೇಳಲಿಲ್ಲ. ತುಂಬ ಹೊತ್ತಾದ ಮೇಲೆ ನೀವಿಬ್ಬರೂ ಹೊರಗೆ ಬಂದಿರಿ. ನಿಮ್ಮ ಮುಖ ನೋಡಲು ನನಗಾಗಲಿಲ್ಲ. ಅವಳು ಚಪ್ಪಲಿ ಮೆಟ್ಟಿ ನಿಮ್ಮನ್ನು ಬಸ್ಸಿನವರೆಗೂ ಬಿಟ್ಟು ಬಂದಳು.

ಸಂಜೆ ನನ್ನನ್ನು ಕರೆದಳು. ಮಂಚ ಬಿಚ್ಚಬೇಕೆಂದಳು. ಆಸ್ಪತ್ರೆಯ ಥರದ ಆ ಮಂಚವನ್ನು ಅಲ್ಲಿಂದ ತೆಗೆಯುವ ಮಾತು ಎರಡು ತಿಂಗಳಿಂದ ಯಾರೂ ಆಡಿರಲಿಲ್ಲ. ನಾನು ಸ್ಪ್ಯಾನರ್ ಹಿಡಿದೆ, ಅವಳು ಅತ್ತ ಕಡೆ ಹಿಡಿದುಕೊಂಡಳು. ಕಾಲು ಬಿಚ್ಚಿದ್ದಾಯಿತು, ಕಂಬಿ ಬಿಚ್ಚಿದ್ದಾಯಿತು. ನಡುವೆ ಅವಳು ನಿಂತು, ನನ್ನನ್ನೇ ನೋಡಿ, "ಅವ್ರು ಹೇಳಿದ್ದು ನಿಮಗೂ ಹೇಳ್ಲಾ?" ಎಂದಳು. ಏಪ್ರಿಲ್‌ನಿಂದ ನನ್ನನ್ನು ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಬೇಡ ಎಂದೆ.

ಅವಳು ತಲೆಯಾಡಿಸಿ ಕಂಬಿಯ ತನ್ನ ತುದಿ ಎತ್ತಿದಳು. ಇಬ್ಬರೂ ಹೊತ್ತುಕೊಂಡು ಹೋಗಿ ಹಿತ್ತಲ ಗೋಡೆಗೆ ಒರಗಿಸಿದೆವು. ಅವತ್ತು ಅವಳು ನಿದ್ದೆ ಮಾಡಿದಳು. ನಾನು ಮಾಡಲಿಲ್ಲ, ಈಗಲೂ ಇಲ್ಲ. ಏನನ್ನೂ ಬಿಡಬೇಡಿ ಎಂದು ಆಗ ಬರೆದವನು ನಾನೇ. ಈಗ ಕೇಳಿಕೊಳ್ಳುವುದು ಇಷ್ಟೆ: ಮುಂದೆಂದಾದರೂ ನನಗೆ ಬುದ್ಧಿ ಕೆಟ್ಟು, ಮಗಳು ಅಲ್ಲಿ ಅದೆಷ್ಟು ಹೊತ್ತು ಬಿದ್ದಿದ್ದಳು ಎಂದು ನಿಮಗೆ ಕಾಗದ ಬರೆದು ಕೇಳಿದರೆ, ದಯವಿಟ್ಟು ಹೇಳಬೇಡಿ.

ಅವಳ ಅಪ್ಪ